ರ‍್ಯಾಂಡಮ್ ಮ್ಯಾಟ್ರಿಕ್ಸ್‌ನ ವೃತ್ತ: ಬಿಡಿಸಿ, ಆಮೇಲೆ ಎಣಿಸಿ

ಕೊಪ್ಪಳದಲ್ಲಿ ನನ್ನ ಹತ್ತಿರ ಕಲಿಯುವ ಎಂಎಸ್ಸಿ ಮಕ್ಕಳಿಗೆ ವೃತ್ತ ನಿಯಮವನ್ನು ನಾನು ಬೋರ್ಡಿನಿಂದ ಶುರು ಮಾಡುವುದಿಲ್ಲ. ಯಾದೃಚ್ಛಿಕ ಅಂಕಿಗಳನ್ನು ತುಂಬಿದ ದೊಡ್ಡ ಮ್ಯಾಟ್ರಿಕ್ಸ್‌ನ ಐಗನ್ ವ್ಯಾಲ್ಯೂಗಳು (ದಿಕ್ಕು ಬದಲಿಸದೆ ಎಷ್ಟು ಪಟ್ಟು ಹಿಗ್ಗಿಸುತ್ತದೆ ಅಂತ ಹೇಳುವ ಸಂಖ್ಯೆಗಳು) ಸಂಕೀರ್ಣ ಸಮತಲದಲ್ಲಿ ಒಂದು ವೃತ್ತದೊಳಗೆ ಸಮವಾಗಿ ಹರಡುತ್ತವೆ ಅನ್ನುವುದೇ ಈ ನಿಯಮ. ಮೊದಲು ಲ್ಯಾಪ್‌ಟಾಪ್ ತೆಗೆಸುತ್ತೇನೆ. ಕಣ್ಣಾರೆ ಕಂಡ ಮೇಲೆ ಗಣಿತದ ಸಾಧನೆ (ಪ್ರೂಫ್) ಓದುವ ಹುರುಪೇ ಬೇರೆ.

ಪೈಥಾನ್‌ನ ನಂಪೈ ಲೈಬ್ರರಿ ಸಾಕು. ರ‍್ಯಾಂಡ್‌ಎನ್‌ನಿಂದ 1000×1000 ಮ್ಯಾಟ್ರಿಕ್ಸ್ ಮಾಡಿ (ಗಂಟೆಯಾಕಾರದ ಗಾಸಿಯನ್ ಹರಡಿಕೆಯಿಂದ, ಸರಾಸರಿ 0 ಇರುವ ಅಂಕಿಗಳನ್ನು ಅದು ಕೊಡುತ್ತದೆ), 1000ದ ವರ್ಗಮೂಲದಿಂದ ಭಾಗಿಸಿ. ಭಾಗಿಸದಿದ್ದರೆ ತ್ರಿಜ್ಯ 1ರ ಬದಲು ಸುಮಾರು 31.6 ಬರುತ್ತದೆ. ಐಗನ್ ವ್ಯಾಲ್ಯೂಗೆ ಐಗ್‌ವ್ಯಾಲ್ಸ್ ಬಳಸಿ, ಒಂದೊಂದನ್ನೂ ಗ್ರಾಫಿನಲ್ಲಿ ಒಂದು ಚುಕ್ಕೆಯಾಗಿ ಬಿಡಿಸಿ. ಕೊನೆಯಲ್ಲಿ 'ಎಚ್' ಇರುವ ಫಂಕ್ಷನ್ ಬೇಡ, ಅದು ಹರ್ಮಿಷಿಯನ್ (ನಿಜ ಅಂಕಿಗಳಾದರೆ, ಕರ್ಣದ ಎರಡೂ ಬದಿ ಕನ್ನಡಿ ಬಿಂಬದಂತಿರುವ) ಮ್ಯಾಟ್ರಿಕ್ಸ್‌ಗೆ ಮಾತ್ರ. ಕರ್ಣದ ಕೆಳಗಿನ ಅರ್ಧವನ್ನಷ್ಟೇ ಓದಿ, ಮೇಲಿನದೂ ಹಾಗೇ ಇದೆ ಅಂದುಕೊಳ್ಳುತ್ತದೆ. ಎರರ್ ಕೂಡ ಕೊಡುವುದಿಲ್ಲ! ಚುಕ್ಕೆಗಳೆಲ್ಲ ಒಂದೇ ಗೆರೆ ಮೇಲೆ ಕೂತರೆ ಮೊದಲು ಇದನ್ನೇ ನೋಡಿ.

ಗ್ರಾಫಿನ ಎರಡೂ ಅಕ್ಷಗಳ ಅಳತೆ ಒಂದೇ ಇರಲಿ.

ವೃತ್ತ ಕಂಡಿತು ಅಂತ ಸುಮ್ನೆ ಬಿಡಬೇಡಿ, ಎಣಿಸಿ. ಈ ನಿಯಮದ ಜೀವ ಇರುವುದು ಅಂಚಿನಲ್ಲಲ್ಲ, ಹರಡಿಕೆಯಲ್ಲಿ. ಚೆನ್ನಾಗಿ ಬಡಿದ ಜೋಳದ ರೊಟ್ಟಿ ಹಾಗೆ ನಡುವೆಯೂ ಅಂಚಿಗೂ ಒಂದೇ ದಪ್ಪ. ಅರ್ಧ ತ್ರಿಜ್ಯದೊಳಗಿನ ಜಾಗ ಕಾಲು ಭಾಗ, ಹಾಗಾಗಿ ಅಲ್ಲಿ ಸುಮಾರು 250 ಚುಕ್ಕೆ ಸಿಗಬೇಕು. ನಿಜ ಅಕ್ಷದ (ಅಡ್ಡ ಗೆರೆಯ) ಮೇಲೆ ಎಷ್ಟಿವೆ ಅಂತಲೂ ನೋಡಿ. ಎನ್ ಅಂದರೆ ಮ್ಯಾಟ್ರಿಕ್ಸ್‌ನ ಅಳತೆ, ಇಲ್ಲಿ 1000; 2ಎನ್ ಅನ್ನು ಪೈನಿಂದ ಭಾಗಿಸಿ ವರ್ಗಮೂಲ ತೆಗೆದರೆ ಸರಾಸರಿ ಸುಮಾರು 25. ಆದರೆ ನಿಮಗೆ 25 ಎಂದೂ ಬರುವುದಿಲ್ಲ, 24 ಅಥವಾ 26 ಬರಬಹುದು. ಒಟ್ಟು ಚುಕ್ಕೆ 1000, ಉಳಿದವು ಜೋಡಿ ಜೋಡಿಯಾಗಿ ಬರುತ್ತವಲ್ವಾ, ಹಾಗಾಗಿ ಇವು ಸರಿಸಂಖ್ಯೆಯೇ ಆಗಬೇಕು. ಇದು ನನಗೆ ತುಂಬಾ ಇಷ್ಟವಾದ ಪರೀಕ್ಷೆ.

ರ‍್ಯಾಂಡ್‌ಎನ್ ಬದಲು ಬರೀ ರ‍್ಯಾಂಡ್ ಹಾಕುವವರು ಜಾಸ್ತಿ. ಆಗ ಒಂದು ಚುಕ್ಕೆ ದೂರ 15.8ರ ಹತ್ತಿರ ಒಂಟಿಯಾಗಿ ನಿಲ್ಲುತ್ತದೆ, ಉಳಿದವು 0.29 ತ್ರಿಜ್ಯದೊಳಗೆ ಮುದುಡಿಕೊಳ್ಳುತ್ತವೆ. 0ಯಿಂದ 1ರ ಅಂಕಿಗಳ ಸರಾಸರಿ ಅರ್ಧ, ಅದೇ ಆ ಒಂಟಿ ಚುಕ್ಕೆಯನ್ನು ಹೊರಗೆ ತಳ್ಳುವುದು. ಪ್ರತಿ ಅಂಕಿಯಿಂದ 0.5 ಕಳೆದು, 12ರ ವರ್ಗಮೂಲದಿಂದ ಗುಣಿಸಿ. ವೃತ್ತ ಸರಿಹೋಗುತ್ತದೆ.

ಈಗ ನಾಣ್ಯ ಚಿಮ್ಮಿದಂತೆ +1, −1 ಮಾತ್ರ ತುಂಬಿ. ಮತ್ತೆ ಅದೇ ವೃತ್ತ! ಭೌತವಿಜ್ಞಾನಿ ಗಿನಿಬ್ರೆ 1965ರಲ್ಲಿ ಗಾಸಿಯನ್ ಮ್ಯಾಟ್ರಿಕ್ಸ್‌ಗಳನ್ನು ಅಭ್ಯಾಸ ಮಾಡಿದರು. ಅಂಕಿಗಳು ಸ್ವತಂತ್ರವಾಗಿದ್ದು, ಒಂದೇ ಬಗೆಯವಾಗಿದ್ದು, ಸರಾಸರಿ 0, ವೇರಿಯನ್ಸ್ (ಹರಡಿಕೆಯ ಅಳತೆ) 1 ಇದ್ದರೆ ಅದೇ ವೃತ್ತಕ್ಕೆ ಸಾಕು ಎಂದು ಗಣಿತಜ್ಞರಾದ ಟಾವ್ ಮತ್ತು ವೂ ಸಾಧಿಸಿದ ಪ್ರಬಂಧ ಅಚ್ಚಾಗಿದ್ದು 2010ರಲ್ಲಿ. ಅದರ ಅನುಬಂಧ ಬರೆದವರು ಈಗ ಬೆಂಗಳೂರಿನ ಐಐಎಸ್ಸಿಯಲ್ಲಿರುವ ಮಂಜುನಾಥ ಕೃಷ್ಣಪುರ. ಎಣಿಕೆ ಮುಗಿದ ದಿನವೇ ಆ ಪ್ರಬಂಧದ ಮೊದಲ ಪುಟಗಳನ್ನು ತೆರೆಯಿರಿ.