ಫೈರ್‌ವಾಲ್‌ಗೊಂದು ದಾರಿ, ಅದರೊಳಗಿನ ಮಾಡ್ಯೂಲ್‌ಗೆ ಇನ್ನೊಂದು

ವಿಜಯಪುರ, ಕಲಬುರಗಿ, ಬೆಳಗಾವಿಗಳಿಂದ ಪುಣೆಯ ಹಿಂಜವಡಿಗೆ ನೆಟ್‌ವರ್ಕ್ ಕೆಲಸಕ್ಕೆ ಬಂದ ಹೊಸಬರು ನನ್ನನ್ನು ಮತ್ತೆ ಮತ್ತೆ ಕೇಳಿರುವ ಪ್ರಶ್ನೆ ಇದು: "ಫೈರ್‌ವಾಲ್‌ನಿಂದ ಮುಂಬಯಿಗೆ ಪಿಂಗ್ ಹೋಗುತ್ತದೆ ಸರ್, ಆದರೂ ಮಾಡ್ಯೂಲ್ ಆಫ್‌ಲೈನ್ ಎಂದೇ ತೋರಿಸುತ್ತದೆ, ಯಾಕೆ?" ಸಣ್ಣ ಕಚೇರಿಗಳಲ್ಲಿ ಇಂದಿಗೂ ಕಾಣಸಿಗುವ ಸಿಸ್ಕೊ ಎಎಸ್‌ಎ 5500-ಎಕ್ಸ್ ಫೈರ್‌ವಾಲ್ ಮತ್ತು ಅದರೊಳಗೆ ಕೂತು ದಾಳಿಗಳನ್ನು ಪತ್ತೆಹಚ್ಚುವ ಫೈರ್‌ಪವರ್ ಮಾಡ್ಯೂಲನ್ನು ಮುಂದಿಟ್ಟುಕೊಂಡು ಇದಕ್ಕೆ ಉತ್ತರ ಬರೆಯುತ್ತಿದ್ದೇನೆ. (ಪಿಂಗ್ ಎಂದರೆ ಆಚೆ ಬದಿ ಉತ್ತರಿಸುತ್ತದೆಯೇ ಎಂದು ನೋಡುವ ಸಣ್ಣ ಪರೀಕ್ಷೆ.)

ಮೊದಲು ಚಿತ್ರ ಸ್ಪಷ್ಟವಾಗಲಿ. ಹಿಂಜವಡಿಯ ಕಚೇರಿಯ ಒಳಜಾಲ 10.20.1.0/24, ಫೈರ್‌ವಾಲ್‌ನ ಒಳಬದಿಯ ವಿಳಾಸ 10.20.1.1. ಅದೇ ಜಾಲದಲ್ಲಿ 10.20.1.2 ಎಂಬ ಲೇಯರ್ 3 ಸ್ವಿಚ್ (ಜಾಲಗಳ ನಡುವೆ ದಾರಿ ತೋರಿಸುವ ಕೆಲಸವನ್ನೂ ಮಾಡುವ ಸ್ವಿಚ್) ಇದ್ದು, ಭೋಸರಿಯ ಕಾರ್ಖಾನೆಗೂ (10.20.8.0/22) ಮುಂಬಯಿ ಅಂಧೇರಿಯ ಕಚೇರಿಗೂ (10.30.0.0/16) ಹೋಗುವ ಲೀಸ್ಡ್ ಲೈನ್‌ಗಳು ಅದಕ್ಕೆ ಬಂದು ಸೇರುತ್ತವೆ. ಮಾಡ್ಯೂಲ್‌ಗೆ ತನ್ನದೇ ಆದ ವಿಳಾಸವಿದೆ, 10.20.1.5, ಅದನ್ನು ನಿಯಂತ್ರಿಸುವ ಮ್ಯಾನೇಜ್‌ಮೆಂಟ್ ಸೆಂಟರ್ ಅಂಧೇರಿಯಲ್ಲಿದೆ.

ಫೈರ್‌ವಾಲ್‌ನಲ್ಲಿ ಮೊದಲು ಹೊರಗಿನ ಡಿಫಾಲ್ಟ್ ರೂಟ್ (ಬೇರೆ ದಾರಿ ಬರೆದಿಲ್ಲದ ಎಲ್ಲ ವಿಳಾಸಗಳಿಗೂ ಹಿಡಿಯುವ ದಾರಿ) ಬರೆಯಿರಿ, ಆಮೇಲೆ 'ರೂಟ್ ಇನ್‌ಸೈಡ್ 10.20.8.0 255.255.252.0 10.20.1.2' ಎಂಬಂತೆ ಭೋಸರಿಗೂ, ಅದೇ ರೀತಿಯಲ್ಲಿ ಅಂಧೇರಿಗೂ ದಾರಿ ಕೊಡಿ. ಭೋಸರಿಯವರು ಹಿಂಜವಡಿಯ ಮೂಲಕವೇ ಇಂಟರ್‌ನೆಟ್‌ಗೆ ಹೋಗುತ್ತಿದ್ದರೆ ಈ ಸಾಲಿಲ್ಲದೆ ಅವರಿಗೆ ಬರುವ ಉತ್ತರಗಳು ಅವರನ್ನು ತಲುಪುವುದಿಲ್ಲ. ಒಂದು ವಿಳಾಸಕ್ಕೆ ಎರಡು ರೂಟ್‌ಗಳು ಹೊಂದಿದಾಗ ಹೆಚ್ಚು ನಿರ್ದಿಷ್ಟವಾದ, ಅಂದರೆ ಉದ್ದವಾದ ಮಾಸ್ಕ್ (ಜಾಲದ ಗಾತ್ರ ಹೇಳುವ ಸಂಖ್ಯೆ, ಮೇಲಿನ ಸಾಲಿನಲ್ಲಿ 255.255.252.0) ಇರುವ ರೂಟೇ ಗೆಲ್ಲುತ್ತದೆ; ಬರೆದ ಕ್ರಮಕ್ಕೆ ಇಲ್ಲಿ ಬೆಲೆಯಿಲ್ಲ.

ಎರಡು ಇಂಟರ್‌ನೆಟ್ ಲೈನ್‌ಗಳಿದ್ದರೆ ಎರಡನೆಯ ಡಿಫಾಲ್ಟ್ ರೂಟ್‌ಗೆ 254ರಂತಹ ದೊಡ್ಡ ಡಿಸ್ಟೆನ್ಸ್ (ರೂಟ್‌ನ ಆದ್ಯತೆ ಹೇಳುವ ಸಂಖ್ಯೆ, ಚಿಕ್ಕದಕ್ಕೇ ಮೊದಲ ಸ್ಥಾನ) ಕೊಡುವುದು ವಾಡಿಕೆ. ಅಷ್ಟೇ ಸಾಲದು. ಮೆಟ್ರೊ ಕಾಮಗಾರಿಗೋ ಒಳಚರಂಡಿಗೋ ರಸ್ತೆ ಅಗೆದಾಗ ಫೈಬರ್ ತುಂಡಾದರೂ ಕಚೇರಿಯೊಳಗಿನ ಸೇವಾದಾರರ ಪೆಟ್ಟಿಗೆಯ ದೀಪ ಉರಿಯುತ್ತಲೇ ಇರುತ್ತದೆ, ಇಂಟರ್‌ಫೇಸ್ ಬೀಳುವುದಿಲ್ಲ, ಆದ್ದರಿಂದ ಮೊದಲ ರೂಟ್ ಟೇಬಲ್‌ನಲ್ಲೇ ಉಳಿಯುತ್ತದೆ. ಹಾಗಾಗಿ ಎಸ್‌ಎಲ್‌ಎ ಮಾನಿಟರ್ (ಲೈನ್ ಕೆಲಸ ಮಾಡುತ್ತಿದೆಯೇ ಎಂದು ಆಗಾಗ ಪರೀಕ್ಷಿಸುವ ಸೌಲಭ್ಯ) ಇಟ್ಟು, ಸೇವಾದಾರರ ಗೇಟ್‌ವೇಯನ್ನಲ್ಲ (ಹೊರಗೆ ಹೋಗುವಾಗ ಮೊದಲು ಸಿಗುವ ವಿಳಾಸ), ಅದರಾಚೆಯ ಒಂದು ವಿಳಾಸವನ್ನು ಪಿಂಗ್ ಮಾಡಿಸಿ, ಆ ಪರೀಕ್ಷೆಯ ಟ್ರ್ಯಾಕ್ ಸಂಖ್ಯೆಯನ್ನು ಮೊದಲ ರೂಟ್‌ಗೆ ಜೋಡಿಸಿ; ಉತ್ತರ ನಿಂತಾಗ ಆ ರೂಟ್ ಟೇಬಲ್‌ನಿಂದ ಹೊರಬಿದ್ದು ಎರಡನೆಯದು ಬರುತ್ತದೆ.

ಈಗ ಮಾಡ್ಯೂಲ್. ಅದು ಫೈರ್‌ವಾಲ್‌ನ ಪೆಟ್ಟಿಗೆಯೊಳಗೇ ಇದ್ದರೂ ಫೈರ್‌ವಾಲ್‌ನ ರೂಟಿಂಗ್ ಟೇಬಲನ್ನು ಓದುವುದಿಲ್ಲ. ಒಂದೇ ಸೂರಿನಡಿ ಒಲೆ ಬೇರೆಯಾದ ಎರಡು ಸಂಸಾರಗಳಂತೆ, ಅದರ ವಿಳಾಸ, ಗೇಟ್‌ವೇ, ರೂಟ್‌ಗಳೆಲ್ಲ ಬೇರೆ. ಸಾಮಾನ್ಯವಾಗಿ ಮಾಡ್ಯೂಲ್‌ನ ಗೇಟ್‌ವೇ ಆಗಿ 10.20.1.1 ಎಂದು ಕೊಟ್ಟಿರುತ್ತಾರೆ. ಇಂಟರ್‌ನೆಟ್‌ನಿಂದ ಅಪ್‌ಡೇಟ್ ತರಲು ಅದು ಸರಿಯೇ. ಆದರೆ ಅಂಧೇರಿಗೆ ಹೊರಟ ಪ್ಯಾಕೆಟ್ (ಮಾಹಿತಿಯ ತುಣುಕು) ಫೈರ್‌ವಾಲ್‌ನ ಒಳಬದಿಯಿಂದ ಒಳಹೊಕ್ಕು ಅದೇ ಬದಿಯಿಂದ ಹೊರಬೀಳಬೇಕಾಗುತ್ತದೆ, ಎಎಸ್‌ಎ ಇದನ್ನು ಮೊದಲಿನಿಂದಲೇ ತಡೆದಿಟ್ಟಿರುತ್ತದೆ. ಅನುಮತಿ ಕೊಡುವ ಕಮಾಂಡ್ ಹಾಕಿದರೂ ಸಮಸ್ಯೆ ಮುಗಿಯದು: ಅಂಧೇರಿಯ ಉತ್ತರವನ್ನು ಸ್ವಿಚ್ ನೇರವಾಗಿ 10.20.1.5ಕ್ಕೆ ತಲುಪಿಸುತ್ತದೆ, ಫೈರ್‌ವಾಲ್ ಆ ಉತ್ತರವನ್ನು ಕಾಣುವುದೇ ಇಲ್ಲ. ಅರ್ಧ ಸಂಭಾಷಣೆಯನ್ನಷ್ಟೇ ಕೇಳಿಸಿಕೊಂಡ ಅದು ಆ ಟಿಸಿಪಿ ಸಂಪರ್ಕದ ಮುಂದಿನ ಪ್ಯಾಕೆಟನ್ನು ಕೈಬಿಡುತ್ತದೆ. ಹಿಂದೊಮ್ಮೆ ಇದನ್ನು ಅರಿಯದೆ ನಾವು ಎರಡು ರಾತ್ರಿ ಪಾಲಿಸಿಗಳನ್ನು ತಿದ್ದುತ್ತ ಕೂತಿದ್ದೆವು. ತಪ್ಪಿದ್ದದ್ದು ಒಂದು ರೂಟ್ ಮಾತ್ರ.

ಪರಿಹಾರ ಮಾಡ್ಯೂಲ್‌ನ ಒಳಗಿದೆ. ಫೈರ್‌ವಾಲ್‌ನ ಕನ್ಸೋಲ್‌ನಿಂದ 'ಸೆಷನ್ ಎಸ್‌ಎಫ್‌ಆರ್ ಕನ್ಸೋಲ್' ಎಂದು ಕೊಟ್ಟು ಒಳಗೆ ಲಾಗಿನ್ ಆಗಿ, 'ಕಾನ್ಫಿಗರ್ ನೆಟ್‌ವರ್ಕ್ ಸ್ಟ್ಯಾಟಿಕ್-ರೂಟ್ಸ್ ಐಪಿವಿ4 ಆ್ಯಡ್' ಎಂಬ ಕಮಾಂಡ್‌ನ ಮುಂದೆ ಮ್ಯಾನೇಜ್‌ಮೆಂಟ್ ಇಂಟರ್‌ಫೇಸ್‌ನ ಹೆಸರು, 10.30.0.0, 255.255.0.0, ಕೊನೆಗೆ 10.20.1.2 ಎಂದು ಕ್ರಮವಾಗಿ ಬರೆಯಿರಿ. ಡಿಫಾಲ್ಟ್ ಗೇಟ್‌ವೇಯನ್ನು ಮುಟ್ಟಬೇಡಿ. ಅಂಧೇರಿಯ ರೂಟರ್‌ಗೂ 10.20.1.0ಕ್ಕೆ ಮರಳುವ ದಾರಿ ಗೊತ್ತಿರಬೇಕು, ಮಾಡ್ಯೂಲ್ ಮತ್ತು ಮ್ಯಾನೇಜ್‌ಮೆಂಟ್ ಸೆಂಟರ್ ನಡುವೆ ಟಿಸಿಪಿ 8305 ಪೋರ್ಟ್ ತೆರೆದಿರಬೇಕು. ಫೈರ್‌ವಾಲನ್ನೇ ಗೇಟ್‌ವೇ ಮಾಡಿಕೊಂಡಿರುವ ಕಚೇರಿಯ ಕಂಪ್ಯೂಟರ್‌ಗಳಿಗೂ ಇದೇ ತೊಂದರೆ ತಟ್ಟುತ್ತದೆ. ಅವುಗಳ ಗೇಟ್‌ವೇಯನ್ನು ಸ್ವಿಚ್‌ಗೆ ಬದಲಿಸುವುದೇ ಮೇಲು.

ಪರೀಕ್ಷೆಯನ್ನೂ ಎರಡು ಕಡೆ ಮಾಡಬೇಕು. ಫೈರ್‌ವಾಲ್‌ನಲ್ಲಿ 'ಶೋ ರೂಟ್' ನೋಡಿ, ಬಳಿಕ 'ಪ್ಯಾಕೆಟ್-ಟ್ರೇಸರ್' ಓಡಿಸಿ. ಪ್ಯಾಕೆಟ್ ಯಾವ ಇಂಟರ್‌ಫೇಸ್‌ನಿಂದ ಹೊರಟಿತು, ಎಲ್ಲಿ ಬಿದ್ದಿತು ಎಂಬುದನ್ನು ಅದು ಹಂತಹಂತವಾಗಿ ತೋರಿಸುತ್ತದೆ. ಮಾಡ್ಯೂಲ್‌ನ ಒಳಗೆ 'ಶೋ ನೆಟ್‌ವರ್ಕ್-ಸ್ಟ್ಯಾಟಿಕ್-ರೂಟ್ಸ್' ಕೊಡಿ. ಎಲ್ಲವೂ ಸರಿಯಿದ್ದರೆ ಫೈರ್‌ವಾಲ್‌ನಲ್ಲಿ 'ರೈಟ್ ಮೆಮರಿ' ಮಾಡುವುದನ್ನು ಮರೆಯಬೇಡಿ. ಫೈರ್‌ವಾಲ್‌ನ ಕಾನ್ಫಿಗರೇಷನ್ ಫೈಲ್‌ನಲ್ಲಿ ಮಾಡ್ಯೂಲ್‌ನ ರೂಟ್‌ಗಳು ಇರುವುದಿಲ್ಲವಾದ್ದರಿಂದ ಅವನ್ನು ಪ್ರತ್ಯೇಕವಾಗಿ ಬರೆದು, ಆ ಹಾಳೆಯನ್ನು ಬ್ಯಾಕಪ್ ಜೊತೆಯಲ್ಲೇ ಇಡಿ.