ವಾಸನೆ ಹೋದ ಮೂಗಿಗೆ ದಿನಕ್ಕೆರಡು ಸಲದ ಅಭ್ಯಾಸ

ಒಲೆಯ ಮೇಲಿಟ್ಟ ಹಾಲು ಉಕ್ಕಿ, ಬತ್ತಿ, ತಳ ಕರ್ರಗೆ ಸೀದುಹೋಗಿತ್ತು. ನಾನು ಮೂರು ಮಾರು ದೂರದಲ್ಲಿ ಬಟ್ಟೆ ಮಡಚುತ್ತಾ ನಿಂತಿದ್ದೆ. ಹೊರಗಿನಿಂದ ಬಂದ ಮಗಳು "ಅಮ್ಮಾ, ಏನೋ ಸೀಯ್ತಿದೆ!" ಎಂದು ಒಳಗೆ ಓಡಿದಾಗಲೇ ನನಗೆ ಗೊತ್ತಾದದ್ದು. ವೈರಲ್ ಜ್ವರ ಬಿಟ್ಟು ಹನ್ನೆರಡು ದಿನವಾಗಿತ್ತು. ಮೂಗು ಕಟ್ಟಿರಲಿಲ್ಲ, ಉಸಿರು ಸರಾಗವಾಗಿತ್ತು. ವಾಸನೆ ಮಾತ್ರ ಪೂರ್ತಿ ಮಾಯ.

ಹಾಗಾಗಿ ಮೂಗಿಗಿಂತ ಮೊದಲು ಮನೆಯನ್ನು ನೋಡಿಕೊಳ್ಳಿ. ಹೊಗೆಯ ಅಲಾರಂ ಹಾಕಿಸಿ, ಜೊತೆಗೆ ಗ್ಯಾಸ್ ಸೋರಿಕೆಯದನ್ನೂ ಹಾಕಿಸಿ. ಒಲೆ ಉರಿಯುವಾಗ ಅಡುಗೆಮನೆ ಬಿಟ್ಟು ಹೋಗಬೇಡಿ. ಡಬ್ಬಿಗಳ ಮೇಲೆ ತೆರೆದ ದಿನ ಬರೆದಿಡಿ. ಹಳಸಿದ್ದನ್ನು ಮೂಸಿ ಹೇಳುವ ಕೆಲಸ ಕೆಲವು ಕಾಲ ಮನೆಯ ಇನ್ನೊಬ್ಬರದು.

ಆಮೇಲೆ ಹೋಗಿರುವುದು ಏನು ಎಂದು ಪರೀಕ್ಷಿಸಿ. ಸಕ್ಕರೆ, ಉಪ್ಪು, ನಿಂಬೆರಸ, ಒಂದೊಂದನ್ನೇ ನಾಲಿಗೆಯ ಮೇಲಿಡಿ. ಸಿಹಿ, ಉಪ್ಪು, ಹುಳಿ ತಿಳಿದರೆ ನಾಲಿಗೆ ಸರಿಯಿದೆ, ಕಳೆದಿರುವುದು ಮೂಗು. ನನಗೆ ಇದು ತಿಳಿದಾಗ ಅರ್ಧ ಭಯ ಹೋಯಿತು. ನಾವು ರುಚಿ ಅನ್ನುವುದರಲ್ಲಿ ಬಹುಪಾಲು, ಅಗಿಯುವಾಗ ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆಯೇ. ಖಾರದ ಉರಿ, ಪುದೀನದ ತಂಪು ಇವನ್ನು ಹೊರುವುದು ಬೇರೆಯೇ ನರ, ಅವು ಸಾಮಾನ್ಯವಾಗಿ ಉಳಿದಿರುತ್ತವೆ. ಕೋವಿಡ್‌ನಲ್ಲಿ ನಾಲಿಗೆಯ ರುಚಿಯೂ ತಗ್ಗುವುದುಂಟು. ಸಿಹಿ, ಉಪ್ಪು, ಹುಳಿ ಮೂರೂ ತಿಳಿಯದಿದ್ದರೆ ವೈದ್ಯರಿಗೆ ಅದನ್ನೇ ಹೇಳಿ.

ನಾಲ್ಕು ವಾರ ಕಳೆದರೂ ಸುಧಾರಿಸದಿದ್ದರೆ ಇಎನ್‌ಟಿ ವೈದ್ಯರನ್ನು ಕಾಣಿ. ತಲೆಗೆ ಪೆಟ್ಟು ಬಿದ್ದ ಮೇಲೆ ವಾಸನೆ ಹೋಗಿದ್ದರೆ, ಒಂದೇ ಹೊಳ್ಳೆ ಕಟ್ಟಿದ್ದರೆ, ರಕ್ತ ಬರುತ್ತಿದ್ದರೆ, ದೃಷ್ಟಿ ಮಂಜಾಗಿದ್ದರೆ ಒಂದು ದಿನವೂ ಕಾಯಬೇಡಿ.

ಇನ್ನು ಅಭ್ಯಾಸ. ಮೂಗಿನ ಗೂಡಿನ ಚಾವಣಿಯಲ್ಲಿ ಅಂಚೆಚೀಟಿಯಷ್ಟು ಅಗಲದ ಪೊರೆಯಿದೆ, ವಾಸನೆ ಹಿಡಿಯುವ ನರಕೋಶಗಳು ಅಲ್ಲಿವೆ. ಕೊರೊನಾ ವೈರಸ್ ಮುಖ್ಯವಾಗಿ ಹಿಡಿಯುವುದು ಆ ನರಕೋಶಗಳನ್ನಲ್ಲ, ಅವುಗಳಿಗೆ ಆಸರೆಯಾದ ಕೋಶಗಳನ್ನು. ಆಸರೆ ಕುಸಿದರೆ ನರಕೋಶಗಳೂ ಸೊರಗುತ್ತವೆ. ಆದರೆ ಪೊರೆಯ ತಳದಲ್ಲಿರುವ ಬುಡಕೋಶಗಳಿಂದ ಹೊಸ ನರಕೋಶ ಹುಟ್ಟುವುದು ಜೀವಮಾನವಿಡೀ ನಡೆಯುತ್ತದೆ. ಹುಟ್ಟಿದ ಪ್ರತಿಯೊಂದೂ ತನ್ನ ಎಳೆಯನ್ನು ಮೂಳೆಯ ಸಣ್ಣ ತೂತುಗಳ ಮೂಲಕ ಮಿದುಳಿಗೆ ಚಾಚಿ, ತನ್ನ ಜಾಗ ಹುಡುಕಿಕೊಳ್ಳಬೇಕು. ತಿಂಗಳುಗಳು ಹಿಡಿಯುವುದು ಅದಕ್ಕೇ.

ಜರ್ಮನಿಯ ಡ್ರೆಸ್ಡೆನ್‌ನಲ್ಲಿ ವಾಸನೆಯ ಸಂಶೋಧಕ ಥಾಮಸ್ ಹುಮ್ಮೆಲ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಕ್ರಮ ಸರಳ: ಗುಲಾಬಿ, ನಿಂಬೆ, ಲವಂಗ, ನೀಲಗಿರಿ, ಈ ನಾಲ್ಕು ವಾಸನೆಗಳನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, 12 ವಾರ ಮೂಸುವುದು. ಅಭ್ಯಾಸ ಮಾಡಿದ ಗುಂಪು ಮಾಡದ ಗುಂಪಿಗಿಂತ ಮುಂದೆ ಬಂತು.

ನಾನು ಮಾಡಿದ್ದು ಹೀಗೆ. ಮುಚ್ಚಳವಿರುವ ನಾಲ್ಕು ಪುಟ್ಟ ಗಾಜಿನ ಸೀಸೆ, ಒಳಗೆ ಹತ್ತಿಯುಂಡೆ, ಅದಕ್ಕೆ ಎರಡು ಮೂರು ಹನಿ ಸುಗಂಧ ತೈಲ, ಹೊರಗೆ ಹೆಸರು ಬರೆದ ಚೀಟಿ. ವಾಸನೆ ಕುಂದಿತು ಎಂದು ಮನೆಯವರು ಹೇಳಿದಾಗ ಹತ್ತಿ ಬದಲಿಸುತ್ತಿದ್ದೆ. ಸೀಸೆಯನ್ನು ಮೂಗಿನ ಹತ್ತಿರ ಹಿಡಿದು, ಇಪ್ಪತ್ತು ಸೆಕೆಂಡಿನಷ್ಟು ಹೊತ್ತು ಪುಟ್ಟ ಪುಟ್ಟದಾಗಿ, ಮೆಲ್ಲಗೆ ಮೂಸಿ. ಜೋರಾಗಿ ಎಳೆಯಬೇಡಿ. ಮುಚ್ಚಿಟ್ಟು ಅರ್ಧ ನಿಮಿಷ ಬಿಟ್ಟು ಮುಂದಿನದು. ಎಲ್ಲ ಸೇರಿ ಐದು ನಿಮಿಷವೂ ಆಗುವುದಿಲ್ಲ. ತೈಲವನ್ನು ಮೂಗಿನೊಳಗೆ ಹಚ್ಚಲೇಬೇಡಿ. ನೀಲಗಿರಿ ಎಣ್ಣೆ ಹೊಟ್ಟೆಗೆ ಹೋದರೆ ವಿಷ, ಮಕ್ಕಳ ಕೈಗೆ ಸಿಗದಂತೆ ಇಡಿ.

ಮೂಸುವಷ್ಟೇ ಮುಖ್ಯವಾದದ್ದು ನೆನೆಯುವುದು. ಮೊದಲ ವಾರ ನಾನು ಮೊಬೈಲ್ ನೋಡುತ್ತಾ ಮೂಸುತ್ತಿದ್ದೆ, ಅದು ವ್ಯರ್ಥ. ನಂತರ ಕಣ್ಣು ಮುಚ್ಚಿ ಕೂತೆ. ಲವಂಗದ ಸೀಸೆ ಹಿಡಿದಾಗ ಹಲ್ಲುನೋವಿನ ರಾತ್ರಿ ಅಜ್ಜಿ ನನ್ನ ದವಡೆಯಲ್ಲಿ ಲವಂಗ ಒತ್ತಿ ಇಟ್ಟದ್ದನ್ನು, ಅದರ ಚುರುಕನ್ನು, ಅವಳ ಬೆರಳನ್ನು ನೆನೆದೆ. ಮೂಗಿಗೆ ಏನೂ ಬರುತ್ತಿರಲಿಲ್ಲ. ಬಾರದ ದಿನವೂ ಬಿಡಬಾರದು, ಆ ದಿನಗಳನ್ನು ನಷ್ಟವೆಂದು ಎಣಿಸಲೂ ಬಾರದು. ಒಂದು ಪುಸ್ತಕದಲ್ಲಿ ಪ್ರತಿ ಸೀಸೆಗೆ ಸೊನ್ನೆಯಿಂದ ಹತ್ತರವರೆಗೆ ಅಂಕ ಬರೆಯಿರಿ. ನನ್ನ ಪುಸ್ತಕದಲ್ಲಿ ನಲವತ್ತಾರು ದಿನ ಬರೀ ಸೊನ್ನೆ. ನೀಲಗಿರಿಯದು ಮಾತ್ರ ಮೊದಲಿನಿಂದಲೂ ಎರಡು ಇತ್ತು. ಅದು ವಾಸನೆಯಲ್ಲ, ತಂಪು ಎಂದು ಆಮೇಲೆ ಅರ್ಥವಾಯಿತು. 47ನೇ ದಿನ ಲವಂಗ: 1. ಬಂದು ಹೋದ ಒಂದು ಎಳೆ ಅಷ್ಟೆ. ನಾನು ಅತ್ತೆ.

ಔಷಧಿಯ ಬಗ್ಗೆ ಜನ ತುಂಬ ಹೇಳುತ್ತಾರೆ. ನುಂಗುವ ಸ್ಟೀರಾಯ್ಡ್ ಅನ್ನು ವೈದ್ಯರು ಕೊಡದೆ ತೆಗೆದುಕೊಳ್ಳಬೇಡಿ. ಮೂಗಿಗೆ ಹಾಕುವ ಜಿಂಕ್ ಅಂತೂ ಬೇಡವೇ ಬೇಡ. ಅದರಿಂದಲೇ ವಾಸನೆ ಹೋಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲೇ ಎಚ್ಚರಿಸಿತ್ತು. ಉಪ್ಪುನೀರಿನಲ್ಲಿ ಮೂಗು ತೊಳೆಯುವುದಾದರೆ ಕುದಿಸಿ ಆರಿಸಿದ ನೀರೇ ಇರಲಿ.

ನಾಲ್ಕನೇ ತಿಂಗಳು ನನ್ನನ್ನು ಹೆಚ್ಚು ಕಂಗೆಡಿಸಿತು. ಕಾಫಿ ಸುಟ್ಟ ರಬ್ಬರಿನಂತೆ, ಹುರಿದ ಈರುಳ್ಳಿ ಚರಂಡಿಯಂತೆ ನಾರತೊಡಗಿತು. ಇದಕ್ಕೆ ಪ್ಯಾರಾಸ್ಮಿಯಾ ಎನ್ನುತ್ತಾರೆ. ನಮ್ಮಲ್ಲಿ ಸುಮಾರು 400 ಬಗೆಯ ವಾಸನೆ ಹಿಡಿಯುವ ಗ್ರಾಹಕಗಳಿವೆ (ರಿಸೆಪ್ಟರ್‌ಗಳು). ಕೆಲವು ಮರಳಿ ಕೆಲವು ಮರಳದಿದ್ದಾಗ ಮಿದುಳಿಗೆ ಅರೆಬರೆ ಸುದ್ದಿ ತಲುಪುತ್ತದೆ. ಏನೂ ಇಲ್ಲದಿದ್ದ ಮೂಗಿಗೆ ಈ ನಾತ ಬಂದರೆ ಹೆದರಬೇಡಿ, ಅನೇಕರಿಗೆ ಚೇತರಿಕೆಯ ದಾರಿಯಲ್ಲೇ ಇದು ಎದುರಾಗುತ್ತದೆ. ಹುರಿದದ್ದು, ಬೆಳ್ಳುಳ್ಳಿ, ಮೊಟ್ಟೆ, ಮಾಂಸ ಇವು ಹೆಚ್ಚು ಕಾಡುತ್ತವೆ. ಬಿಸಿಯಾದಷ್ಟೂ ನಾತ ಹೆಚ್ಚು, ಆದ್ದರಿಂದ ಊಟವನ್ನು ತಣ್ಣಗೆ ಮಾಡಿ ತಿನ್ನಿ. ನಾನು ತಿಂಗಳುಗಟ್ಟಲೆ ತಣ್ಣನೆಯ ಮೊಸರು, ಹಣ್ಣು, ಬೇಯಿಸಿದ ಸಪ್ಪೆ ಆಹಾರದ ಮೇಲೆ ಬದುಕಿದೆ. ಗರಿಗರಿ, ಹುಳಿ, ತಂಪು ಇವುಗಳಲ್ಲಿ ನಾಲಿಗೆಗೆ ಕೆಲಸ ಕೊಡಿ. ರುಚಿ ಸಾಲದೆಂದು ಉಪ್ಪು ಸಕ್ಕರೆ ಸುರಿಯಬೇಡಿ. ತೂಕ ಇಳಿಯುತ್ತಿದ್ದರೆ ವೈದ್ಯರಿಗೆ ತಿಳಿಸಿ. ಮನೆಯವರು "ಸ್ವಲ್ಪ ತಿನ್ನು, ಏನಾಗಲ್ಲ" ಎಂದು ಒತ್ತಾಯಿಸಿದರೆ, ನಿಮಗೆ ಹೇಗೆ ನಾರುತ್ತಿದೆ ಎಂದು ಬಿಡಿಸಿ ಹೇಳಿ. ನಾನು ಹೇಳಿದ ಮೇಲೆ ನನ್ನ ಗಂಡ ಕಾಫಿ ಲೋಟ ಹಿಡಿದು ಹೊರಗೆ ಹೋಗಿ ಕುಡಿಯತೊಡಗಿದರು. ಅಸಹ್ಯವಾಗುವ ಸೀಸೆಯನ್ನು ಪಕ್ಕಕ್ಕಿಟ್ಟು ಬೇರೊಂದು ವಾಸನೆ ಸೇರಿಸಿಕೊಳ್ಳಿ, ಅಭ್ಯಾಸ ನಿಲ್ಲಿಸಬೇಡಿ.

12 ವಾರ ಮುಗಿದ ಮೇಲೆ ನಾಲ್ಕನ್ನೂ ಬದಲಿಸಿ ಮುಂದುವರಿಸಬಹುದು. ನಾನು ಮೂರು ಸುತ್ತು ಮಾಡಿದೆ. ಈಗ ಲವಂಗಕ್ಕೆ ಎಂಟು, ನಿಂಬೆಗೆ ಏಳು ಬರೆಯುತ್ತೇನೆ, ಗುಲಾಬಿ ಇನ್ನೂ ಮೂರರಲ್ಲೇ ಇದೆ. ಮೊನ್ನೆ ಮಗಳ ತಲೆ ಬಾಚುವಾಗ ಅವಳ ಕೂದಲಿನ ಎಣ್ಣೆ ಬೆವರಿನ ವಾಸನೆ ಬಂತು. ಅದಕ್ಕೆ ಅಂಕ ಹಾಕಲಿಲ್ಲ, ದಿನಾಂಕವಷ್ಟೇ ಬರೆದೆ.