ಹಳೆ ಗಿಟಾರಿಗೆ ಹೊಸ ಸ್ಯಾಡಲ್: ತಳ ಸರಿಯಿದ್ದರೆ ದನಿ ಸರಿ

ಹಳೆ ಅಕೌಸ್ಟಿಕ್ ಗಿಟಾರಿಗೆ ಹೊಸ ಸ್ಯಾಡಲ್ (ತಂತಿಗಳು ಒರಗಿ ನಿಲ್ಲುವ ಸಣ್ಣ ಪಟ್ಟಿ) ಹಾಕಿ, 'ಮೊದಲಿದ್ದ ದನಿಯೂ ಹೋಯ್ತಲ್ಲ' ಎಂದು ಬೇಜಾರಾದವರನ್ನು ತುಂಬಾ ನೋಡಿದ್ದೇನೆ. ಕೆಲಸ ಕೆಟ್ಟಿರುವುದು ಸಾಮಾನ್ಯವಾಗಿ ಸ್ಯಾಡಲಿನ ತಳದಲ್ಲಿ. ಅಲ್ಲಿಗೆ ಯಾರ ಕಣ್ಣೂ ಹೋಗುವುದಿಲ್ಲ.

ಮೊದಲು ಬ್ರಿಜ್, ಅಂದರೆ ಸ್ಯಾಡಲ್ ಕೂರುವ, ಗಿಟಾರಿನ ಮೈಗೆ ಅಂಟಿಸಿದ ಮರದ ತುಂಡನ್ನು ಪರೀಕ್ಷಿಸಿ. ಅದರ ಹಿಂಬದಿಯ ಅಂಚಿಗೆ ತೆಳುವಾದ ಕಾಗದ ತೂರಿಸಿ ನೋಡಿ. ಒಳಗೆ ಹೋದರೆ ಬ್ರಿಜ್ ಏಳುತ್ತಿದೆ ಎಂದರ್ಥ. ಅದನ್ನು ಅಂಟಿಸುವವರೆಗೆ ಸ್ಯಾಡಲ್ ಮುಟ್ಟಬೇಡಿ.

ಶ್ರುತಿ ಮಾಡಿದ ಗಿಟಾರಿನಲ್ಲೇ, ಕತ್ತಿನ ಮೇಲೆ ಅಡ್ಡಲಾಗಿರುವ ಲೋಹದ ಪಟ್ಟಿಗಳಾದ ಫ್ರೆಟ್‌ಗಳಲ್ಲಿ 12ನೇ ಫ್ರೆಟ್‌ನಿಂದ ತಂತಿಯ ಅಡಿಗೆ ಎಷ್ಟು ಅಂತರವಿದೆ ಎಂದು ಅಳೆದು ಬರೆದುಕೊಳ್ಳಿ. ದಪ್ಪ ತಂತಿಗೆ 2.4 ಮಿ.ಮೀ., ಸಣ್ಣ ತಂತಿಗೆ 1.8 ಮಿ.ಮೀ. ನನಗೆ ಇಷ್ಟ. ಆಮೇಲೆ ತಂತಿ ಸಡಿಲಿಸಿ, ಬ್ರಿಜ್‌ನಲ್ಲಿ ತಂತಿಯ ತುದಿ ಹಿಡಿದಿಡುವ ಪಿನ್ ತೆಗೆಯಿರಿ. ಇಕ್ಕಳದ ಬಾಯಿಗೆ ಬಟ್ಟೆ ಸುತ್ತಿ, ಸ್ಯಾಡಲನ್ನು ನೇರ ಮೇಲಕ್ಕೆ ಎಳೆಯಿರಿ. ಕೆಲವು ಹಳೆ ಗಿಟಾರುಗಳಲ್ಲಿ ಅದನ್ನು ಅಂಟಿಸಿರುತ್ತಾರೆ. ಬರದಿದ್ದರೆ ಬಲ ಹಾಕಬೇಡಿ, ಬ್ರಿಜ್ ಸೀಳುತ್ತದೆ. ರಿಪೇರಿ ಮಾಡುವವರ ಕೈಗೆ ಕೊಡಿ.

ಹೊಸದಕ್ಕೆ ಮೂಳೆಯನ್ನೇ ಕೊಳ್ಳಿ. ಒಳಗೆ ಟೊಳ್ಳಾದ ಪ್ಲಾಸ್ಟಿಕ್ ಸ್ಯಾಡಲ್ ಎಷ್ಟು ಅಗ್ಗವಾದರೂ ಬೇಡ. ಕೊಳ್ಳುವ ಮುಂಚೆ ಬ್ರಿಜ್‌ನಲ್ಲಿ ಸ್ಯಾಡಲ್ ಕೂರುವ ಸಂದಿನ ಅಗಲ ಅಳೆಯಿರಿ. ಕೆಲವು ಗಿಟಾರಿನಲ್ಲಿ ಸುಮಾರು 2.4 ಮಿ.ಮೀ. ಇದ್ದರೆ ಇನ್ನು ಕೆಲವದರಲ್ಲಿ 3.2 ಇರುತ್ತದೆ. ಸ್ಯಾಡಲ್ ಬೆರಳಿನ ಒತ್ತಿಗೆ ಕೂರಬೇಕು, ಗಿಟಾರ್ ಬೋರಲು ಹಿಡಿದರೂ ಬೀಳಬಾರದು. ಸಡಿಲವಾದರೆ ತಂತಿಯ ಎಳೆತಕ್ಕೆ ಮುಂದಕ್ಕೆ ವಾಲುತ್ತದೆ. ಆಗ ಅಂಟು ಹಾಕಿ ಸರಿಮಾಡೋಣ ಅನ್ನಿಸುತ್ತೆ, ಅಲ್ವಾ? ಹಾಕಬೇಡಿ. ಸರಿಯಾದ ದಪ್ಪದ್ದನ್ನೇ ತನ್ನಿ.

ಇನ್ನು ನಿಜವಾದ ಕೆಲಸ. ಹಳೆ ಸ್ಯಾಡಲನ್ನು ಹೊಸದರ ಮೇಲಿಟ್ಟು ಪೆನ್ಸಿಲ್ ಗೆರೆ ಎಳೆಯಿರಿ. 12ನೇ ಫ್ರೆಟ್‌ನಲ್ಲಿ ಅರ್ಧ ಮಿ.ಮೀ. ಇಳಿಸಬೇಕಾದರೆ ಸ್ಯಾಡಲಿನಲ್ಲಿ ಒಂದು ಮಿ.ಮೀ. ತೆಗೆಯಬೇಕು. ತೆಗೆಯುವುದು ತಳದಿಂದ. ಮೇಲಿನ ಬಾಗು ಹಾಗೇ ಇರಲಿ. ಯಾವ ತುದಿ ಸಣ್ಣ ತಂತಿಯ ಕಡೆಯದು ಎಂದು ಈಗಲೇ ಗುರುತು ಹಾಕಿ. ತಿರುಗುಮುರುಗಾಗಿ ಕೂರಿಸಿದವರೂ ಇದ್ದಾರೆ.

ದಪ್ಪ ಗಾಜಿನ ಮೇಲೆ 120ರ ಒರಟು ಸ್ಯಾಂಡ್ ಪೇಪರ್ ಅಂಟಿಸಿ. ಮೂಗಿಗೆ ಮಾಸ್ಕ್ ಕಟ್ಟಿಕೊಳ್ಳಿ, ಮೂಳೆಯ ಪುಡಿ ಒಳ್ಳೆಯದಲ್ಲ. ತಳಕ್ಕೆಲ್ಲ ಪೆನ್ಸಿಲ್ ಬಳಿದು ನಾಲ್ಕು ಸಲ ಉಜ್ಜಿ, ತಿರುಗಿಸಿ ನೋಡಿ. ಎರಡೂ ತುದಿ ಬೆಳ್ಳಗಾಗಿ ನಡುವೆ ಕಪ್ಪು ಉಳಿದಿದೆಯೇ? ಅಲ್ಲಿ ತಗ್ಗಿದೆ. ನಡು ಬೆಳ್ಳಗಾಗಿ ತುದಿಗಳು ಕಪ್ಪಾಗಿದ್ದರೆ ಕೈ ತೊಟ್ಟಿಲಿನಂತೆ ತೂಗುತ್ತಿದೆ, ತಳ ದೋಣಿಯಾಗುತ್ತಿದೆ. ಚೌಕ ಮೂಲೆಯ ಮರದ ತುಂಡಿಗೆ ಸ್ಯಾಡಲನ್ನು ಒತ್ತಿ ಹಿಡಿದು, ಎರಡನ್ನೂ ಒಟ್ಟಿಗೆ ಸರಿಸಿದರೆ ಇದು ತಪ್ಪುತ್ತದೆ. ಗೆರೆಗೆ ಇನ್ನೂ ಸ್ವಲ್ಪ ಇರುವಾಗಲೇ 320ರ ನಯವಾದ ಪೇಪರಿಗೆ ಬದಲಿಸಿ. ಕೊನೆಗೆ ಸ್ಟೀಲ್ ಸ್ಕೇಲಿನ ಅಂಚನ್ನು ತಳಕ್ಕೆ ತಾಗಿಸಿ ಬೆಳಕಿಗೆ ಹಿಡಿಯಿರಿ. ಎಲ್ಲೂ ಬೆಳಕು ಇಣುಕಬಾರದು. ಸ್ಯಾಡಲಿನ ಅಡಿಯಲ್ಲಿ ಪಿಕಪ್ ಪಟ್ಟಿ (ತಂತಿಯ ಸದ್ದನ್ನು ಸ್ಪೀಕರಿಗೆ ಕಳಿಸುವ ಸಾಧನ) ಇರುವ ಗಿಟಾರಿನಲ್ಲಿ ಇದು ಇನ್ನೂ ಮುಖ್ಯ. ತಳ ಸಮ ಇಲ್ಲದಿದ್ದರೆ ಒಂದೆರಡು ತಂತಿಯ ಸದ್ದು ಸ್ಪೀಕರಿನಲ್ಲಿ ಕುಗ್ಗುತ್ತದೆ.

ಜಾಸ್ತಿ ಉಜ್ಜಿಬಿಟ್ಟರೆ ಅಡಿಗೆ ಕಾಗದ ಮಡಚಿಡುವುದು ಎಲ್ಲರೂ ಹಿಡಿಯುವ ಅಡ್ಡದಾರಿ. ಎತ್ತರ ಪರೀಕ್ಷಿಸಲು ಕಾಗದ ಒಂದು ದಿನ ಇದ್ದರೆ ಸಾಕು, ಹಾಗೇ ಬಿಡಬೇಡಿ.

ತಂತಿ ಏರಿಸಿ, ಶ್ರುತಿ ಮಾಡಿ, ಮರುದಿನ ಮತ್ತೆ ಅಳೆಯಿರಿ. ಇನ್ನೂ ಎತ್ತರವಿದ್ದರೆ ಬಿಚ್ಚಿ, ತಳಕ್ಕೆ ಮತ್ತೆ ಪೆನ್ಸಿಲ್ ಬಳಿಯಿರಿ.